ಕಡ್ಡಿ ಗೊತ್ತಿರೋರು ಯಾರಿದೀರಿ?

ಕನ್ನಡಕದ ಮೂಗಿನ ಮೆತ್ತೆಗಳಲ್ಲಿ ಒಂದು ಕೂತಾಗಿತ್ತು. ಇನ್ನೊಂದರ ಸ್ಕ್ರೂ ಚಿಮುಟದ ತುದಿಯಲ್ಲಿತ್ತು. ಎಳ್ಳಿನ ಅರ್ಧದಷ್ಟಿರುವ ಸ್ಕ್ರೂ. ಸೀನಿದರೆ ಹೋಯಿತು, ಆಮೇಲೆ ನೆಲ ಗುಡಿಸಿ ಕಸವನ್ನು ಜರಡಿ ಹಿಡಿಯಬೇಕು. ಅವಳು ಉಸಿರು ಕಟ್ಟಿ ಸ್ಕ್ರೂವನ್ನು ತೂತಿನ ಬಾಯಿಗೆ ತಂದಿದ್ದಳು. ಸರಿಯಾಗಿ ಆಗಲೇ ಅಂಗಡಿಯ ಫೋನು ಕಿರುಚಿತು.

ಸ್ಕ್ರೂ ಅಲುಗಲಿಲ್ಲ. ಹದಿನಾರು ವರ್ಷದಿಂದ ಈ ಮೇಜಿನ ಮುಂದೆ ಕೂತಿರುವ ಕೈ ಅದು. ಬೀದಿಯವರೆಲ್ಲ ಅವಳನ್ನು 'ಕನ್ನಡಕದಕ್ಕ' ಎಂದೇ ಕರೆಯುತ್ತಿದ್ದರು. ಅವಳ ಕಣ್ಣಿಗೆ ಇನ್ನೂ ಕನ್ನಡಕ ಬಂದಿರಲಿಲ್ಲ ಎನ್ನುವುದು ಬೇರೆ ಮಾತು. ಸ್ಕ್ರೂವನ್ನು ಎರಡು ಸುತ್ತು ತಿರುಗಿಸಿ, ಚಿಮುಟ ಕೆಳಗಿಟ್ಟು, ಆಮೇಲೆ ಫೋನು ತೆಗೆದುಕೊಂಡಳು.

"ನಾನು ಕಣೇ," ಎಂದಿತು ಗಂಡನ ದನಿ. ಪಿಸುಗುಟ್ಟುತ್ತಿತ್ತು. "ಕಡ್ಡಿಯಲ್ಲಿ ಊಟ ಮಾಡೋದು ಹೇಗೆ?"

"ಏನಲ್ಲಿ?"

"ಕಡ್ಡಿ, ಕಡ್ಡಿ! ಎರಡು ಕಡ್ಡಿ ಹಿಡ್ಕೊಂಡು ಪೂರ್ವದ ಕಡೆಯೋರು ತಿಂತಾರಲ್ಲ. ಚಾಪ್‌ಸ್ಟಿಕ್ಕು."

"ನಂಗೆಲ್ಲಿ ಬರುತ್ತೆ? ಅದ್ಯಾಕೆ ಈಗ?"

"ನಂಗೂ ಬರಲ್ಲ. ಆದ್ರೆ ಬರುತ್ತೆ ಅಂತ ಹೇಳ್ಬಿಟ್ಟಿದೀನಿ. ಸಂಜೆ ಹೇಳ್ತೀನಿ, ತಪಾಸಣೆಯೋನು, ಆ ಅಳತೆಟೇಪು, ಇಲ್ಲೇ ಕಿವಿ ನೆಟ್ಟುಕೊಂಡು ನಿಂತಿದಾನೆ," ಎಂದು ಫೋನಿಟ್ಟ.

'ನಂಗೆಲ್ಲಿ ಬರುತ್ತೆ' ಎಂದು ಅವಳು ಹೇಳಿದ್ದು ಆ ದಿನ ಇದು ಎರಡನೆಯ ಸಲ. ಮೊದಲನೆಯ ಸಲ ಬೆಳಿಗ್ಗೆ ಹೇಳಿದ್ದು ಅಂಗಡಿಯ ಯಜಮಾನರಿಗೆ. ಅವರಿಗೆ ಎಪ್ಪತ್ತೆರಡಾಗಿತ್ತು, ಕೈ ನಡುಗುತ್ತಿತ್ತು. ಕಣ್ಣು ಪರೀಕ್ಷೆಯ ತರಬೇತಿಗೆ ಸೇರುವ ಅರ್ಜಿಯೊಂದನ್ನು ಅವಳ ಮುಂದೆ ಇಟ್ಟು, "ಒಂದು ವರ್ಷ, ವಾರಕ್ಕೆ ಮೂರು ಸಂಜೆ. ಪಾಸಾದ್ರೆ ಅಂಗಡಿ ನಿನ್ನ ಕೈಗೆ. ಪ್ರಮಾಣಪತ್ರ ಇರೋರು ಯಾರೂ ಇಲ್ಲಾಂದ್ರೆ ನಾನು ಬಾಗಿಲು ಹಾಕ್ಲೇಬೇಕು ಕಣಮ್ಮಾ, ಕಾನೂನು. ಬರೋ ಸೋಮವಾರ ಅಲ್ಲ, ಅದರ ಮುಂದಿನ ಸೋಮವಾರ ಕೊನೇ ದಿನ," ಎಂದಿದ್ದರು. ಅವಳು ನಕ್ಕು, ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ, ಸ್ಕ್ರೂ ಡಬ್ಬಿಯ ತಳಕ್ಕೆ ಹಾಕಿ ಮುಚ್ಚಳ ಮುಚ್ಚಿದ್ದಳು.

ಇನ್ನು ಗಂಡನ ವಿಷಯ. ಈ ಮಹನೀಯರು ಕೊಡೆ ಕಾರ್ಖಾನೆಯೊಂದರ ಕಡ್ಡಿ ವಿಭಾಗದ ಮೇಲ್ವಿಚಾರಕರು. ಒಂದು ಕೊಡೆಗೆ ಎಂಟು ಕಡ್ಡಿ. ಇಪ್ಪತ್ತೆರಡು ವರ್ಷದಲ್ಲಿ ಅವರ ಕಣ್ಣ ಮುಂದೆ ಹಾದುಹೋದ ಕಡ್ಡಿಗಳನ್ನು ಒಂದರ ತುದಿಗೊಂದು ಜೋಡಿಸಿದರೆ ಚಂದ್ರನಿಗೆ ಹೋಗಿ ವಾಪಸು ಬರಬಹುದು ಎಂದು ಅವರೇ ಒಮ್ಮೆ ಲೆಕ್ಕ ಹಾಕಿದ್ದರು. ವಾಪಸು ಬರುವ ಲೆಕ್ಕದಲ್ಲಿ ಸ್ವಲ್ಪ ಅನುಮಾನವಿತ್ತು. ಕಾರ್ಖಾನೆಯಲ್ಲಿ ಅವರಿಗೆ 'ಕಡ್ಡಿರಾಯರು' ಎಂದೇ ಹೆಸರು.

ಆ ದಿನ ಮಧ್ಯಾಹ್ನ ಮ್ಯಾನೇಜರು ಸಭೆ ಕರೆದಿದ್ದರು. ಪೂರ್ವದೇಶದ ಕಂಪನಿಯೊಂದು ನಲವತ್ತು ಸಾವಿರ ಕೊಡೆ ಕೊಳ್ಳುವ ಮಾತಾಡುತ್ತಿತ್ತು. ಆ ಆರ್ಡರು ಸಿಕ್ಕರೆ ಕಡ್ಡಿ ವಿಭಾಗ ಉಳಿಯುತ್ತದೆ, ಸಿಗದಿದ್ದರೆ ಮುಂದಿನ ವರ್ಷದಿಂದ ಕಡ್ಡಿಗಳನ್ನು ಹೊರಗಿನಿಂದ ತರಿಸುತ್ತಾರೆ. ಇಷ್ಟನ್ನೂ ಮ್ಯಾನೇಜರು ಹೇಳುವಾಗ ಕಡ್ಡಿರಾಯರು ಮೇಜಿನ ಕೊನೆಯಲ್ಲಿ, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ತಮ್ಮ ಹಳೆಯ ವಿದ್ಯೆಯನ್ನು ಪ್ರಯೋಗಿಸುತ್ತಿದ್ದರು. ಹೀಗಾಗಿ "ಮುಂದಿನ ಶುಕ್ರವಾರ ಮಧ್ಯಾಹ್ನ ಅವರ ಕಡೆಯ ಊಟದ ಹೋಟೆಲಿನಲ್ಲೇ ಔತಣ" ಎಂಬ ಮುಖ್ಯ ವಾಕ್ಯ ಅವರ ತಲೆಯ ಮೇಲಿಂದ ಹಾರಿಹೋಯಿತು. ಕಿವಿಗೆ ಬಿದ್ದದ್ದು ಅದರ ಹಿಂದೆ ಬಂದ ಪ್ರಶ್ನೆ.

"ನಮ್ಮಲ್ಲಿ ಕಡ್ಡಿ ಗೊತ್ತಿರೋರು ಯಾರಿದೀರಿ?"

ಕಡ್ಡಿರಾಯರು ದಿಗ್ಗನೆ ಎದ್ದು ನಿಂತರು. ಕಡ್ಡಿ ಗೊತ್ತಿರೋರು ಯಾರು ಎಂದು ಈ ಕಾರ್ಖಾನೆಯಲ್ಲಿ ಕೇಳುವುದೇ?

"ನಾನಿದೀನಿ ಸಾರ್! ಇಪ್ಪತ್ತೆರಡು ವರ್ಷದಿಂದ ನಾನು ಊಟ ಮಾಡ್ತಿರೋದೇ ಕಡ್ಡಿಯಿಂದ."

ಸಭೆ ಅವರತ್ತ ತಿರುಗಿತು. ಮ್ಯಾನೇಜರು ಬೆರಗಾದರು. "ಗೊತ್ತೇ ಇರ್ಲಿಲ್ಲವಲ್ರೀ! ಬಲಗೈಯಲ್ಲೋ?"

"ಎರಡೂ ಕೈಲಿ ಸಾರ್. ಕಣ್ಣು ಕಟ್ಟಿದ್ರೂ ಸೈ."

"ಜಾರೋದಿಲ್ವೇ?"

"ಜಾರೋದಾ! ಇವತ್ತಿನವರೆಗೆ ನನ್ನ ಕೈಯಿಂದ ಒಂದೂ ಜಾರಿಲ್ಲ. ಬೇಕಾದ್ರೆ ಹತ್ತು ಜನಕ್ಕೆ ಕಲಿಸ್ತೀನಿ."

"ಭೇಷ್! ಅನ್ನ ಕೂಡ ಎತ್ತುತೀರಾ?"

ಅನ್ನ ಎಂಬ ಮಾತು ಕಡ್ಡಿರಾಯರ ತಲೆಯೊಳಗೆ ಹೋಗಿ ಅಲ್ಲಿ ಕೂರಲು ಜಾಗ ಹುಡುಕಿತು. ಕೊಡೆಯ ಕಡ್ಡಿಗೂ ಅನ್ನಕ್ಕೂ ಏನು ಸಂಬಂಧ? ಜಾಗ ಸಿಗುವಷ್ಟರಲ್ಲಿ ಸಭೆ ಚಪ್ಪಾಳೆ ತಟ್ಟಿಬಿಟ್ಟಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಬಿದ್ದ ಮೊದಲ ಚಪ್ಪಾಳೆ. ಎದುರಿಗೆ, ಎಲ್ಲದರಲ್ಲೂ ಅರ್ಧ ಗೆರೆ ತಪ್ಪು ಹುಡುಕುವ ತಪಾಸಣೆಯ ಅಳತೆಟೇಪಿನ ಮುಖ ಹುಳ್ಳಗಾಗಿತ್ತು. ಆ ಮುಖ ನೋಡಿದ ಮೇಲೆ ನಿಜ ಹೇಳಲು ಯಾವ ಮನುಷ್ಯನಿಗೆ ಮನಸ್ಸು ಬಂದೀತು?

"ಅನ್ನ ಏನು ಮಹಾ ಸಾರ್," ಎಂದರು ಕಡ್ಡಿರಾಯರು.

ಸಂಜೆಯೊಳಗೆ ನೋಟೀಸು ಬೋರ್ಡಿನಲ್ಲಿ ಹಾಳೆ ಅಂಟಿತ್ತು: 'ಔತಣಕ್ಕೆ ಆಯ್ಕೆಯಾದ ಹತ್ತು ಮಂದಿಗೆ ಕಡ್ಡಿ ತರಬೇತಿ. ಹಾಜರಿ ಕಡ್ಡಾಯ.'

*

ಮನೆಯಲ್ಲಿ ಈ ಸುದ್ದಿ ಕೇಳಿ ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡು ಐದು ನಿಮಿಷ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, "ಚಮಚದಲ್ಲಿ ತಿಂದ್ರೇ ಅಂಗಿ ಮೇಲೆ ಅರ್ಧ ಚೆಲ್ಲಿಕೊಳ್ತಾನೆ ನನ್ನ ಮಗ. ಇವನು ಹತ್ತು ಜನಕ್ಕೆ ಗುರು," ಎಂದರು.

"ಅಮ್ಮಾ, ನಗಬೇಡ. ನನ್ನ ಮಾನದ ಪ್ರಶ್ನೆ. ಮೂವತ್ತು ಜನರ ಕೆಲಸದ ಪ್ರಶ್ನೆ."

ಮನೆಯಲ್ಲಿ ಬೇರೆ ಕಡ್ಡಿ ಇರಲಿಲ್ಲ. ಕಡ್ಡಿರಾಯರು ಕಾರ್ಖಾನೆಯಿಂದಲೇ ಎರಡು ತಂದಿದ್ದರು: ಕೊಡೆಯ ಕಡ್ಡಿ, ಉಕ್ಕಿನದು, ನಡುವೆ ಮಡಿಸುವ ಕೀಲು. ಒಂದು ತಟ್ಟೆ ಬಟಾಣಿ ಮುಂದಿಟ್ಟುಕೊಂಡು ಕೂತರು. ಬಟಾಣಿಯನ್ನು ಹಿಡಿದ ಕೂಡಲೇ ಕಡ್ಡಿ ಮಂಡಿಯೂರಿದಂತೆ ಮಡಿಸಿಕೊಳ್ಳುತ್ತಿತ್ತು. ಏಳನೆಯ ಪ್ರಯತ್ನದಲ್ಲಿ ಅವರು ಹಲ್ಲು ಕಚ್ಚಿ ಒತ್ತಿದರು. ಕೀಲಿನ ಸ್ಪ್ರಿಂಗಿಗೂ ತಾಳ್ಮೆ ಎಂಬುದೊಂದಿರುತ್ತದೆ. ಕಡ್ಡಿ ಟಣ್ಣೆಂದು ಅವರ ಕೈಬಿಟ್ಟು, ಕಿಟಕಿ ದಾಟಿ, ಏನು ಗಲಾಟೆಯೆಂದು ಆಗತಾನೇ ಬಗ್ಗಿ ನೋಡುತ್ತಿದ್ದ ಮಹಡಿ ಮನೆಯ ಡ್ರಿಲ್ ಮೇಷ್ಟ್ರ ಕನ್ನಡಕಕ್ಕೆ ಬಡಿಯಿತು. ಎಡಗಾಜಿನಲ್ಲಿ ಒಂದು ಗೆರೆ ಬಿತ್ತು.

ಮೇಷ್ಟ್ರು ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಸೀಟಿಯನ್ನು ಕೊರಳಿನಿಂದ ತೆಗೆದಿರಲಿಲ್ಲ. ಒಳಗೆ ಬಂದು, ಒಡೆದ ಕನ್ನಡಕದಲ್ಲೇ ಇಡೀ ವಿಷಯ ಕೇಳಿದರು. "ತಪ್ಪು ಕಡ್ಡಿಯದಲ್ಲ, ಶಿಸ್ತಿನದು," ಎಂದು ತೀರ್ಪು ಕೊಟ್ಟರು. "ನಾಳೆಯಿಂದ ನಾನೂ ಬರ್ತೀನಿ. ಸಾವಿರಾರು ಮಕ್ಕಳಿಗೆ ಕೈಕಾಲು ಆಡಿಸೋದು ಕಲಿಸಿದೀನಿ, ಎರಡು ಕಡ್ಡಿ ಯಾವ ಲೆಕ್ಕ?"

"ಕನ್ನಡಕ ಕೊಡಿ ಮೇಷ್ಟ್ರೇ, ಗಾಜು ತರಿಸಿ ಹಾಕ್ತೀನಿ, ವಾರ ಹತ್ತು ದಿನ ಆಗುತ್ತೆ," ಎಂದು ಅವಳು ಕೈ ಚಾಚಿದಳು. ಕನ್ನಡಕ ತೆಗೆದುಕೊಂಡು ಬರುವ ದಾರಿಯಲ್ಲಿ ನೆಲದ ಮೇಲೆ ಉರುಳಿದ ಬಟಾಣಿ ಕಂಡಿತು. ಬಗ್ಗಿ ಕೈಯಲ್ಲಿ ಎತ್ತಬಹುದಿತ್ತು. ಅದೇಕೋ, ಮೇಜಿನ ಮೇಲಿದ್ದ ಇನ್ನೊಂದು ಕಡ್ಡಿಯನ್ನೂ, ಕಿಟಕಿಯಾಚೆಯಿಂದ ಮೇಷ್ಟ್ರು ಎತ್ತಿ ತಂದದ್ದನ್ನೂ ತೆಗೆದುಕೊಂಡು, ಎರಡರ ಕೀಲಿಗೂ ದಾರ ಬಿಗಿದು, ಸುಮ್ಮನೆ ಹಿಡಿದು ನೋಡಿದಳು.

ಕುತೂಹಲ, ಅಷ್ಟೇ. ಚಿಮುಟವೆಂದರೂ ಎರಡು ಕಡ್ಡಿಯೇ ತಾನೇ, ಬುಡದಲ್ಲಿ ಬೆಸೆದಿರುತ್ತಾರೆ. ಇದರಲ್ಲಿ ಬೆಸುಗೆ ಇಲ್ಲ. ಹಾಗಾದರೆ ಆ ಬೆಸುಗೆಯ ಕೆಲಸವನ್ನು ಕೈಯೇ ಮಾಡಬೇಕು. ಕೆಳಗಿನದನ್ನು ಹೆಬ್ಬೆರಳ ಸಂದಿಯಲ್ಲಿ ಊರಿ, ಉಂಗುರದ ಬೆರಳಿಗೆ ಒರಗಿಸಿದಳು. ಮೇಲಿನದನ್ನು ಪೆನ್ನಿನ ಹಾಗೆ ಹಿಡಿದಳು. ಬಟಾಣಿ ನೆಲದಿಂದ ಎದ್ದು ತಟ್ಟೆಗೆ ಬಂತು. ಇನ್ನೊಂದು ಬಂತು. ಆಮೇಲೆ ಮೇಷ್ಟ್ರ ಅಂಗಿಯ ಜೇಬಿನಲ್ಲಿ ಅಡಗಿದ್ದ ಒಂದೂ ಬಂತು.

ಮೇಷ್ಟ್ರು ತಮ್ಮ ಜೇಬನ್ನು ಮುಟ್ಟಿ ನೋಡಿಕೊಂಡರು.

"ಇದ್ಯಾವಾಗ ಕಲಿತೆ?" ಎಂದರು ಕಡ್ಡಿರಾಯರು, ಮೋಸ ಹೋದವರ ದನಿಯಲ್ಲಿ.

"ಕಲೀಲಿಲ್ಲ. ಕೆಳಗಿನ ಕಡ್ಡಿ ಅಲ್ಲಾಡಬಾರದು ರೀ. ಮೇಲಿಂದು ಮಾತ್ರ ಓಡಾಡಬೇಕು. ನೀವು ಎರಡನ್ನೂ ಕುಣಿಸ್ತೀರಿ."

"ಈ ಮನೇಲಿ ಅಲ್ಲಾಡದೆ ನಿಂತಿರೋ ಕಡ್ಡಿ ಯಾವುದು, ಬರೀ ಓಡಾಡಿಕೊಂಡಿರೋ ಕಡ್ಡಿ ಯಾವುದು ಅಂತ ನಂಗೆ ಗೊತ್ತು," ಎಂದರು ಅತ್ತೆ, ಯಾರ ಮುಖವನ್ನೂ ನೋಡದೆ.

*

ಮರುದಿನದಿಂದ ಒಂದು ವ್ಯವಸ್ಥೆ ಏರ್ಪಟ್ಟಿತು. ಸಂಜೆ ಹೆಂಡತಿ ಗಂಡನಿಗೆ ಹೇಳಿಕೊಡುವುದು. ಮರುದಿನ ಗಂಡ ಅದನ್ನು ಹತ್ತು ಮಂದಿಗೆ ಹೇಳಿಕೊಡುವುದು. ಹೋಟೆಲಿನವರು ಕಾಗದ ಸುತ್ತಿದ ಮರದ ಕಡ್ಡಿಗಳ ಕಟ್ಟನ್ನೇ ಕೊಟ್ಟು ಕಳಿಸಿದ್ದರು. ಅವಳು ಹೇಳಿದ್ದು ಮನೆಯಿಂದ ಕಾರ್ಖಾನೆಗೆ ಹೋಗುವ ಬಸ್ಸಿನಲ್ಲಿ ಅರ್ಧ ಚೆಲ್ಲಿಹೋಗುತ್ತಿತ್ತು. 'ಪೆನ್ನಿನ ಹಾಗೆ ಹಿಡೀರಿ' ಎಂದದ್ದು ಕಾರ್ಖಾನೆ ಮುಟ್ಟುವಾಗ 'ಪೆನ್ನು ಹಿಡೀರಿ' ಆಗಿತ್ತು. ಇಡೀ ತರಗತಿ ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ಕಡ್ಡಿ ಹಿಡಿದು ಕಾದಿತ್ತು. ಅದರ ಮೇಲೆ ಡ್ರಿಲ್ ಮೇಷ್ಟ್ರ ಸೀಟಿ.

"ಹಿಡಿ! ಎತ್ತು! ಬಾಯಿ! ಬಾಯಿ ಅಂದ್ರೆ ನಿಮ್ಮ ಬಾಯ್ರೀ, ಪಕ್ಕದವರದ್ದಲ್ಲ!"

ಮೂರು ದಿನದಲ್ಲಿ ಹತ್ತು ಮಂದಿ ಸೇರಿ ಹನ್ನೊಂದು ಕಾಳು ತಿಂದರು. ಹನ್ನೊಂದನೆಯದು ತಪ್ಪಿ ಬಾಯಿಗೆ ಹೋದದ್ದೆಂದು ಆಮೇಲೆ ತಿಳಿಯಿತು.

ಇತ್ತ ಮನೆಯಲ್ಲಿ ಅವಳಿಗೆ ಕಡ್ಡಿಯ ಗೀಳು ಹತ್ತಿತ್ತು. ಬೀರುವಿನ ಹಿಂದೆ ಬಿದ್ದು ಎರಡು ವರ್ಷವಾಗಿದ್ದ ಗುಂಡಿಯನ್ನು ಎತ್ತಿದಳು. ಬಾಟಲಿಯ ತಳದಲ್ಲಿದ್ದ ಕೊನೆಯ ಉಪ್ಪಿನಕಾಯಿ ಹೋಳನ್ನು ತೆಗೆದಳು. ಊಟಕ್ಕೆ ಕೂತಾಗ ಒಂದು ತುತ್ತು ಚಮಚದಲ್ಲಿ, ಒಂದು ಮುಳ್ಳುಚಮಚದಲ್ಲಿ, ಒಂದು ಕಡ್ಡಿಯಲ್ಲಿ ತಿಂದು ರುಚಿ ಬೇರೆಯಾಗುತ್ತದೆಯೇ ಎಂದು ನೋಡಿದಳು. ಬೇರೆಯಾಗುತ್ತಿತ್ತು! ಚಮಚ ಸಿಕ್ಕಿದ್ದನ್ನೆಲ್ಲ ತುಂಬಿಕೊಂಡು ಬರುತ್ತಿತ್ತು. ಕಡ್ಡಿಗೆ ಮಾತ್ರ ಯಾವುದು ಬೇಕು ಎಂದು ಮೊದಲೇ ಹೇಳಬೇಕಾಗುತ್ತಿತ್ತು. ತಟ್ಟೆಯಲ್ಲಿ ತನಗೆ ಯಾವುದು ಬೇಕು ಎಂದು ಅವಳು ಯೋಚಿಸಿ ಎಷ್ಟೋ ಕಾಲವಾಗಿತ್ತು. ಯಾವ ಊರಿನಲ್ಲಿ ಯಾರು, ಯಾವುದಕ್ಕೆ ಯಾವುದನ್ನು ಹಿಡಿಯುತ್ತಾರೆ? ಸಾರನ್ನು ಏನು ಮಾಡುತ್ತಾರೆ? ಕೇಳೋಣವೆಂದರೆ ಗೊತ್ತಿರುವವರು ಯಾರೂ ಇರಲಿಲ್ಲ. ಬೀದಿಯಲ್ಲಿ ಎಲ್ಲರೂ ಅವಳ ಗಂಡನನ್ನೇ ಕೇಳುತ್ತಿದ್ದರು.

ಮಂಗಳವಾರ ತರಗತಿಯಲ್ಲಿ ಅಳತೆಟೇಪು ಎದ್ದು ನಿಂತ.

"ಗುರುಗಳೇ, ಒಂದು ಬಿನ್ನಹ. ಇಷ್ಟು ದಿನದಲ್ಲಿ ತಾವು ತಿಂದಿದ್ದು ನಾವು ನೋಡಿಲ್ಲ. ಒಂದೇ ಒಂದು ಕಾಳು. ಕಣ್ಣು ಕಟ್ಟೋದು ಬೇಡ, ಬಿಚ್ಚಿಕೊಂಡೇ."

"ಗುರು ತಿಂದು ತೋರಿಸಿದ್ರೆ ಶಿಷ್ಯರಿಗೆ ಹಸಿವಾಗುತ್ತೆ," ಎಂದರು ಕಡ್ಡಿರಾಯರು. ಉತ್ತರ ಚೆನ್ನಾಗಿಯೇ ಇತ್ತು. ಆದರೆ ಅದು ಎರಡು ದಿನ ನಿಲ್ಲುವಂಥದ್ದಾಗಿರಲಿಲ್ಲ.

*

ಬುಧವಾರ ಬೆಳಿಗ್ಗೆ ಕಡ್ಡಿರಾಯರು ಬಲಗೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಕೊಂಡು ಬಚ್ಚಲಿನಿಂದ ಹೊರಬಂದರು.

"ಏನ್ರೀ ಇದು?"

"ಪೆಟ್ಟಾಗಿದೆ."

"ಎಲ್ಲಿ?"

"ಎಲ್ಲಿ ಅಂತ ಇನ್ನೂ ಯೋಚಿಸಿಲ್ಲ. ಶುಕ್ರವಾರದವರೆಗೆ ವಾಸಿಯಾಗಲ್ಲ, ಅಷ್ಟು ಗೊತ್ತು. ಕೈಯಿಲ್ಲದೋನು ಕಡ್ಡಿ ಹೇಗೆ ಹಿಡಿದಾನು ಹೇಳು?"

ಅವಳು ಏನಾದರೂ ಹೇಳುವ ಮುಂಚೆ ಮೇಷ್ಟ್ರು ಕಿಟಕಿಯಿಂದ ನೋಡಿಬಿಟ್ಟಿದ್ದರು. ಮೇಷ್ಟ್ರು ಹಾಲಿನವನಿಗೆ 'ಕೈಗೆ ಪೆಟ್ಟು' ಎಂದರು. ಹಾಲಿನವನು ಮೂಲೆಯಂಗಡಿಯಲ್ಲಿ 'ಬೆರಳು ಹೋಯಿತಂತೆ' ಎಂದ. ಮೂಲೆಯಂಗಡಿಯಿಂದ ಕಾರ್ಖಾನೆಯ ಗೇಟಿಗೆ ಹೋಗುವಷ್ಟರಲ್ಲಿ ಬೆರಳು ನಾಲ್ಕಾಗಿದ್ದವು, ಕಡ್ಡಿ ಕತ್ತರಿಸುವ ಯಂತ್ರವೂ ಸೇರಿಕೊಂಡಿತ್ತು. ಹತ್ತು ಗಂಟೆಗೆ ಮ್ಯಾನೇಜರು ಹಣ್ಣಿನ ಬುಟ್ಟಿಯ ಜೊತೆ ಬಾಗಿಲಲ್ಲಿದ್ದರು. ಅವರ ಹಿಂದೆ, ಮೂರು ಪ್ರತಿ ಫಾರಮ್ಮು ಹಿಡಿದ ಕಾರ್ಮಿಕ ಸುರಕ್ಷತೆಯ ಅಧಿಕಾರಿ.

"ಯಾವ ಯಂತ್ರ?" ಎಂದರು ಅಧಿಕಾರಿ, ಕೂರುವ ಮೊದಲೇ.

ಕಡ್ಡಿರಾಯರು ಮಂಚದ ಮೇಲೆ ನರಳಿದರು. ಉತ್ತರ ಕೊಟ್ಟದ್ದು ಅತ್ತೆ. "ಯಂತ್ರ ಅಲ್ಲಪ್ಪಾ. ಊಟ ಮಾಡೋವಾಗ."

ಅಧಿಕಾರಿ ಪೆನ್ನು ನಿಲ್ಲಿಸಿದರು. ಅವರ ಮೂವತ್ತು ವರ್ಷದ ಸೇವೆಯಲ್ಲಿ ಊಟ ಮಾಡುವಾಗ ಕೈ ಕಳೆದುಕೊಂಡವರನ್ನು ನೋಡಿರಲಿಲ್ಲ. "ಏನು ತಿಂತಿದ್ರು?"

"ಏನೂ ಇಲ್ಲ. ಬರೀ ಗಾಳಿ ತಿಂತಿದ್ದ. ಅಭ್ಯಾಸ ಅಂತ."

ಅಧಿಕಾರಿ ಫಾರಮ್ಮಿನ ಮೇಲಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡಿದರು. 'ಅಪಘಾತ ಕಾಲದಲ್ಲಿ ಬಳಕೆಯಲ್ಲಿದ್ದ ವಸ್ತು' ಎಂಬ ಕಡೆ, ಮೂರೂ ಪ್ರತಿಯಲ್ಲಿ, 'ಗಾಳಿ' ಎಂದು ಬರೆದರು. "ಗಾಯ ತೋರಿಸಿ."

"ಬೇಡ ಸಾರ್, ಗಾಳಿ ಸೋಕಬಾರದಂತೆ," ಎಂದರು ಕಡ್ಡಿರಾಯರು.

"ಮತ್ತೆ ಅದೇ ಗಾಳಿ," ಎಂದು ಅಧಿಕಾರಿ ಟಿಪ್ಪಣಿಗೆ ಸೇರಿಸಿದರು.

"ಬೆರಳುಗಳು ಇವೆ ತಾನೇ?" ಎಂದು ಮ್ಯಾನೇಜರು ಗಾಬರಿಯಿಂದ ಕೇಳಿದರು. ಬ್ಯಾಂಡೇಜಿನ ತುದಿಯಲ್ಲಿ ಐದೂ ಬೆರಳು ಪಿಳಿಪಿಳಿ ಆಡಿದವು. ಕಡ್ಡಿರಾಯರು ದನಿ ತಗ್ಗಿಸಿ, "ಇವೆ ಸಾರ್, ಆದ್ರೆ ಹಿಡಿತ ಇಲ್ಲ. ಶುಕ್ರವಾರ ನನ್ನಿಂದ ಆಗಲ್ಲ. ಎಷ್ಟು ಆಸೆ ಇತ್ತು..." ಎಂದು ಗೋಡೆಯತ್ತ ಮುಖ ತಿರುಗಿಸಿದರು.

ಮ್ಯಾನೇಜರು ಹೋಗಿ ಅವರ ಎಡಗೈ ಹಿಡಿದುಕೊಂಡರು. ಆ ಕೈಯನ್ನು ಒಮ್ಮೆ ನೋಡಿದರು. ಅವರ ಮುಖ ಅರಳಿತು.

"ಎಡಗೈ ಇದೆಯಲ್ರೀ! ಎರಡೂ ಕೈಲಿ ಬರುತ್ತೆ ಅಂತ ನೀವೇ ಹೇಳಿದ್ರಿ!"

ಮಂಚದ ಮೇಲಿನಿಂದ ಈ ಸಲ ಬಂದ ನರಳಾಟ ನಿಜವಾದದ್ದಾಗಿತ್ತು.

"ಅಮ್ಮಾ, ನೀವೂ ಬರಬೇಕು," ಎಂದರು ಮ್ಯಾನೇಜರು ಅವಳತ್ತ ತಿರುಗಿ. "ಬಡಿಸಿಕೊಳ್ಳೋಕೆ ಅವರಿಗೆ ಸಹಾಯ ಆಗುತ್ತೆ. ನಿಮಗೆ ಕಡ್ಡಿ ಬರುತ್ತಾ?"

"ನಂಗೆಲ್ಲಿ ಬರುತ್ತೆ," ಎಂದಿತು ಅವಳ ಬಾಯಿ, ಅವಳನ್ನು ಕೇಳದೆಯೇ. ಆ ಹೊತ್ತಿಗೆ ಅವಳ ಕೈಯಲ್ಲಿ ಎರಡು ಕಡ್ಡಿಗಳಿದ್ದವು. ಅವುಗಳ ನಡುವೆ, ಮ್ಯಾನೇಜರ ಚಹಾಕ್ಕೆ ಹಾಕಲು ಹೊರಟಿದ್ದ ಸಕ್ಕರೆಯ ತುಂಡಿತ್ತು. ಯಾರೂ ಅದನ್ನು ಗಮನಿಸಲಿಲ್ಲ. ಅತ್ತೆ ಮಾತ್ರ ಗಮನಿಸಿದರು.

*

ಶುಕ್ರವಾರ ಮಧ್ಯಾಹ್ನ ಹೋಟೆಲಿನ ದುಂಡು ಮೇಜಿನ ಸುತ್ತ ಎಲ್ಲರೂ ಕೂತರು. ಅತಿಥಿಗಳು ಮೂವರು: ಕಂಪನಿಯ ಒಡತಿಯಾದ, ಬೆಳ್ಳಿ ಕೂದಲಿನ, ದಪ್ಪ ಗಾಜಿನ ಕನ್ನಡಕದ ಹಿರಿಯ ಹೆಂಗಸು, ಅವರ ಎಂಜಿನಿಯರು, ಒಬ್ಬ ದುಭಾಷಿ. ಒಡತಿಯ ಎಡಕ್ಕೆ ಕಡ್ಡಿರಾಯರು, ಅವರ ಪಕ್ಕದಲ್ಲಿ ಅವಳು. ಎದುರಿಗೆ ಹತ್ತು ಮಂದಿ ಶಿಷ್ಯರು, ಪರೀಕ್ಷೆಯ ಹಾಲಿನಲ್ಲಿ ಕೂತ ಹಾಗೆ. ಪ್ರತಿ ತಟ್ಟೆಯ ಬಳಿ ಕಡ್ಡಿಯೂ ಇತ್ತು, ಚಮಚ, ಮುಳ್ಳುಚಮಚವೂ ಇದ್ದವು.

"ಯಾವುದಿರಲಿ ಸಾರ್, ಯಾವುದು ತೆಗೀಲಿ?" ಎಂದ ಬಡಿಸುವವನು.

"ಚಮಚ ಎಲ್ಲ ಎತ್ತಿಬಿಡಿ," ಎಂದರು ಮ್ಯಾನೇಜರು ರಾಜನ ಹಾಗೆ. "ನಾವು ಕಡ್ಡಿಯೋರು."

ಚಮಚಗಳು ಹೋದವು. ಒಡತಿಯ ಕಣ್ಣು ಅವುಗಳ ಹಿಂದೆಯೇ ಅಡುಗೆಮನೆಯ ಬಾಗಿಲವರೆಗೆ ಹೋಗಿ ಬಂದದ್ದನ್ನು ನೋಡಿದವಳು ಅವಳೊಬ್ಬಳೇ.

ಅನ್ನ ಬಂತು, ಚಪ್ಪಟೆ ತಟ್ಟೆಯಲ್ಲಿ ಹರಡಿಕೊಂಡು. ಮೀನು ಬಂತು, ತರಕಾರಿ ಬಂತು, ತೆಳ್ಳಗಿನ ಗೊಜ್ಜು ಬಂತು. ಆಮೇಲೆ ಬಹಳ ಹೊತ್ತು ಯಾರ ಬಾಯಿಗೂ ಏನೂ ಬರಲಿಲ್ಲ. ಹತ್ತು ಮಂದಿ ತಟ್ಟೆಯಲ್ಲಿ ಉತ್ತರು, ಬಿತ್ತಿದರು, ಕೊಯ್ಲಿನ ಹೊತ್ತಿಗೆ ಎಲ್ಲ ಉದುರಿತು. ಅಳತೆಟೇಪು ಒಂದು ಮೀನಿನ ಹೋಳನ್ನು ಮೇಜಿನ ಅಂಚಿನವರೆಗೂ ಅಟ್ಟಿಸಿಕೊಂಡು ಹೋಗಿ ಅಲ್ಲಿ ಕೈಚೆಲ್ಲಿದ. ಕಡ್ಡಿರಾಯರು ಎಡಗೈಯಲ್ಲಿ ಅನ್ನದ ಅಗುಳೊಂದಕ್ಕೆ ಗುರಿಯಿಟ್ಟು, ಎತ್ತಿ, ಸದ್ದು ಬರುವಂತೆ ಜಗಿಯುತ್ತಿದ್ದರು. ಬಾಯಲ್ಲಿ ಏನೂ ಇರಲಿಲ್ಲ. ಅತ್ತೆ ಹೇಳಿದ ಗಾಳಿ ಇದೇ. ಅಚ್ಚರಿಯೆಂದರೆ, ಒಡತಿಯ ಎಂಜಿನಿಯರೂ ಅನ್ನ ಕೆದಕುತ್ತಾ ನಿಟ್ಟುಸಿರು ಬಿಡುತ್ತಿದ್ದ. ಒಡತಿ ಆಗಾಗ ತುಸುವೇ ತಿಂದು ನಗುತ್ತಿದ್ದರು. ಆ ನಗೆಯಲ್ಲಿ ಹಸಿವಿತ್ತು.

ಗೊಜ್ಜಿನ ಹಬೆಗೆ ಒಡತಿಯ ಕನ್ನಡಕ ಮಸುಕಾಯಿತು. ಒರೆಸಲೆಂದು ತೆಗೆದರು. ಒಂದು ಕಾಲು ಕಳಚಿ ಕೈಯಲ್ಲೇ ಉಳಿಯಿತು. ಕೀಲಿನ ಸ್ಕ್ರೂ ಅನ್ನದೊಳಗೆ ಬಿತ್ತು.

ಮೇಜೆಲ್ಲ ಎದ್ದು ನಿಂತಿತು. "ಯಾರೂ ತಿನ್ನಬೇಡಿ!" ಎಂದು ಮ್ಯಾನೇಜರು ಕೂಗಿದರು, ಆ ಎಚ್ಚರಿಕೆಯ ಅಗತ್ಯವೇನೂ ಇರಲಿಲ್ಲ. ಕನ್ನಡಕವಿಲ್ಲದ ಒಡತಿ ಎಲ್ಲರ ಕಡೆಗೂ ಮುಖ ಮಾಡಿ ಯಾರನ್ನೂ ಕಾಣದೆ ಕೂತಿದ್ದರು. ಊಟವಾದ ಮೇಲೆ ಸಹಿ ಹಾಕಬೇಕಾದ ಕಾಗದ ಅವರು ಓದಬೇಕಾಗಿತ್ತು.

"ತಟ್ಟೆ ಅಲ್ಲಾಡಿಸಬೇಡಿ," ಎಂದಳು ಅವಳು. ದನಿ ದೊಡ್ಡದೇನಲ್ಲ, ಅಂಗಡಿಯಲ್ಲಿ ಗಿರಾಕಿಗೆ ಹೇಳುವಂಥದ್ದೇ. ಎದ್ದು ಬಂದು ತಟ್ಟೆಯ ಮೇಲೆ ಬಗ್ಗಿದಳು. ಬಿಳಿಯ ರಾಶಿಯಲ್ಲಿ ಒಂದು ಕಡೆ ಸಣ್ಣಗೆ ಮಿನುಗಿತು. ಕೆಳಗಿನ ಕಡ್ಡಿ ಊರಿದಳು, ಮೇಲಿನದನ್ನು ಇಳಿಸಿದಳು, ಎತ್ತಿದಳು. ಒಂದು ಅಗುಳೂ ಜೊತೆಗೆ ಬರಲಿಲ್ಲ. ಸ್ಕ್ರೂವನ್ನು ನೀರಿನಲ್ಲಿ ಅದ್ದಿ, ಅದೇ ಕಡ್ಡಿಯಲ್ಲೇ ಹಿಡಿದು ಕೀಲಿಗೆ ತಂದು, ಕೈಚೀಲದಲ್ಲಿ ಯಾವಾಗಲೂ ಇರುವ ಬೆರಳುದ್ದದ ಸ್ಕ್ರೂಡ್ರೈವರಿನಿಂದ ಮೂರು ಸುತ್ತು ತಿರುಗಿಸಿದಳು. ಇನ್ನೊಂದು ಕಾಲನ್ನೂ, ಅದು ಸಡಿಲವಾಗಿದ್ದರಿಂದ, ಬಿಗಿ ಮಾಡಿ ಕೊಟ್ಟಳು.

ಒಡತಿ ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು. ದುಭಾಷಿ ಕೇಳಿದ: "ಇಷ್ಟು ಚೆನ್ನಾಗಿ ಯಾರು ಕಲಿಸಿದರು ಅಂತ ಕೇಳ್ತಾರೆ."

"ಇವರೇ! ನಮ್ಮ ಗುರುಗಳು! ಅವರ ಮನೆಯವರು ಇವರು!" ಎಂದು ಮ್ಯಾನೇಜರು ಕಡ್ಡಿರಾಯರ ಬೆನ್ನು ತಟ್ಟಿದರು. ಮೇಜೆಲ್ಲ ಚಪ್ಪಾಳೆ ತಟ್ಟಿತು.

ಕಡ್ಡಿರಾಯರಿಗೆ ಬಿದ್ದ ಎರಡನೆಯ ಚಪ್ಪಾಳೆ ಅದು. ಅವರು ಹೆಂಡತಿಯ ಮುಖ ನೋಡಿದರು. ಅವಳು ಅನ್ನದ ತಟ್ಟೆಯನ್ನು ನೋಡುತ್ತಿದ್ದಳು. ಏನನ್ನಿಸಿತೋ, ಅವರು ಎದ್ದು ನಿಂತರು. "ಸಾರ್, ಕಡ್ಡಿ ಮುರಿದ ಹಾಗೆ ಹೇಳಿಬಿಡ್ತೀನಿ," ಎಂದರು. ಆವೇಶದಲ್ಲಿ ಎಡಗೈಯಲ್ಲಿದ್ದ ಕಡ್ಡಿ ಲಟಕ್ಕನೆ ಮುರಿಯಿತು. "ನಂಗೆ ಏನೂ ಬರಲ್ಲ. ನಾನು ಕೊಡೆ ಕಡ್ಡಿ ಅಂದ್ಕೊಂಡಿದ್ದೆ. ಎಲ್ಲ ಕಲಿಸಿದ್ದು ಇವಳು." ಬಲಗೈಯ ಬ್ಯಾಂಡೇಜನ್ನೂ ಬಿಚ್ಚಿ ಮೇಜಿನ ಮೇಲಿಟ್ಟರು.

ಮ್ಯಾನೇಜರ ಕಣ್ಣಲ್ಲಿ ನೀರು ತುಂಬಿತು.

"ನೋಡಿದ್ರಾ? ಇದಕ್ಕೆ ವಿನಯ ಅಂತಾರೆ. ಹೆಂಡತಿಗೆ ಹೆಸರು ಬರಲಿ ಅಂತ, ನೋವಿದ್ರೂ ಬ್ಯಾಂಡೇಜು ಬಿಚ್ಚಿದಾರೆ!"

ಚಪ್ಪಾಳೆ ಇಮ್ಮಡಿಯಾಯಿತು. ಅಳತೆಟೇಪು ಕೂಡ ತಟ್ಟಿದ. ಕಡ್ಡಿರಾಯರು ಮುರಿದ ಕಡ್ಡಿ ಹಿಡಿದು, ನಿಜ ಹೇಳಿಯೂ ಸಿಕ್ಕಿಬಿದ್ದವರ ಹಾಗೆ ಕೂತರು.

ಅವಳಿಗೆ ಚಪ್ಪಾಳೆಯ ಕಡೆ ಲಕ್ಷ್ಯವಿರಲಿಲ್ಲ. ಹತ್ತು ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆಗೆ ಉತ್ತರ ಗೊತ್ತಿರುವವರು ಈಗ ಒಂದು ಮೊಳ ದೂರದಲ್ಲಿದ್ದರು. ದುಭಾಷಿಯ ಕಡೆ ಬಗ್ಗಿ ಕೇಳಿದಳು: "ಇವರ ಮನೇಲಿ ಅನ್ನ ಯಾವುದರಲ್ಲಿ ತಿಂತಾರೆ, ಕೇಳ್ತೀರಾ?"

ದುಭಾಷಿ ಕೇಳಿದ. ಒಡತಿ ಉತ್ತರ ಕೊಡುತ್ತಾ ಕೊಡುತ್ತಾ ನಗತೊಡಗಿದರು. ಬಲಗೈಯಲ್ಲಿ ಚಮಚ ಹಿಡಿದಂತೆ, ಎಡಗೈಯ ಮುಳ್ಳುಚಮಚದಿಂದ ಅನ್ನವನ್ನು ಅದಕ್ಕೆ ತಳ್ಳಿದಂತೆ ಅಭಿನಯಿಸಿದರು.

"ಚಮಚದಲ್ಲೇ ಅಂತೆ," ಎಂದ ದುಭಾಷಿ. "ಕಡ್ಡಿ ನೂಡಲ್ಸಿಗೆ ಮಾತ್ರ. ತಟ್ಟೆ ಅನ್ನಕ್ಕೆ ಅವರ ಕಡೆ ಯಾರೂ ಕಡ್ಡಿ ಹಿಡಿಯೋದಿಲ್ಲವಂತೆ. ನೀವೆಲ್ಲ ಚಮಚ ವಾಪಸು ಕಳಿಸಿದ್ದು ನೋಡಿ, ಇದು ನಿಮ್ಮ ಕಡೆಯ ಮರ್ಯಾದೆ ಇರಬೇಕು ಅಂದ್ಕೊಂಡ್ರಂತೆ. ನಿಮಗೆ ಬೇಜಾರಾಗಬಾರದು ಅಂತ ಸುಮ್ಮನಿದ್ದರಂತೆ. ಅವರಿಗೆ ತುಂಬಾ ಹಸಿವಾಗಿದೆಯಂತೆ."

ಮ್ಯಾನೇಜರು ಬಡಿಸುವವನನ್ನು ಕರೆದ ದನಿ ಬೀದಿಯವರೆಗೂ ಕೇಳಿಸಿತು. ಚಮಚಗಳು ಓಡಿಬಂದವು. ಮುಂದಿನ ಅರ್ಧ ಗಂಟೆ ಆ ಮೇಜಿನಲ್ಲಿ ಎರಡೂ ದೇಶದವರು ಒಂದೇ ಭಾಷೆಯಲ್ಲಿ ಇದ್ದರು, ಯಾರೂ ತಲೆಯೆತ್ತಲಿಲ್ಲ. ಅವಳು ಮಾತ್ರ ಮೀನಿಗೆ ಕಡ್ಡಿ, ಅನ್ನಕ್ಕೆ ಚಮಚ ಎಂದು ತನಗೆ ಬೇಕಾದ ಹಾಗೆ ತಿಂದಳು. ಒಡತಿ ಅದನ್ನು ನೋಡಿ ತಲೆದೂಗಿದರು. ಕೈ ಒರೆಸಿಕೊಳ್ಳುವಾಗ ದುಭಾಷಿಯ ಮೂಲಕ ಮತ್ತೆ ಕೇಳಿದರು: "ನಿಮಗೆ ಇನ್ನೇನೇನು ಬರುತ್ತೆ?"

ಬಾಯಿ ತನ್ನ ಹಳೆಯ ಉತ್ತರವನ್ನು ಹೊರಡಿಸಲು ಸಿದ್ಧವಾಗಿತ್ತು. ಅವಳು ಅದನ್ನು ತಡೆದಳು. ಬದಲಿಗೆ "ಯೋಚನೆ ಮಾಡಿ ಹೇಳ್ತೀನಿ," ಎಂದಳು. ಒಡತಿ ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡು, ತಲೆಬಾಗಿದರು.

ನಲವತ್ತು ಸಾವಿರ ಕೊಡೆಗೆ ಸಹಿ ಬಿತ್ತು.

*

ಶನಿವಾರ ಮುಂಜಾನೆ ಮನೆಯ ಮುಂದಿನ ಮೆಟ್ಟಿಲ ಮೇಲೆ ಕಡ್ಡಿರಾಯರು ಡ್ರಿಲ್ ಮೇಷ್ಟ್ರಿಗೂ ಇನ್ನೂ ನಾಲ್ಕು ಮಂದಿಗೂ ಔತಣದ ಕಥೆ ಹೇಳುತ್ತಿದ್ದರು. ನಿನ್ನೆಯ ಪಶ್ಚಾತ್ತಾಪ ರಾತ್ರಿಯ ನಿದ್ದೆಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

"ನಾನಂತೂ ಮೊದಲೇ ಹೇಳಿದ್ದೆ ಮೇಷ್ಟ್ರೇ, ಅನ್ನಕ್ಕೆ ಚಮಚವೇ ಸರಿ ಅಂತ. ಕೇಳೋರು ಯಾರು? ಇನ್ನು ಮುಳ್ಳುಚಮಚ ಹಿಡಿಯೋ ಕ್ರಮ ಇದೆಯಲ್ಲ, ಅದೇ ಒಂದು ವಿದ್ಯೆ. ಬೇಕಾದ್ರೆ ಹತ್ತು ಜನಕ್ಕೆ ಕಲಿಸ್ತೀನಿ..."

ಮೇಷ್ಟ್ರು ಸೀಟಿಯನ್ನು ಒರೆಸಿಕೊಳ್ಳುತ್ತಿದ್ದರು.

ಅವಳು ಅವರನ್ನು ದಾಟಿ ಅಂಗಡಿಗೆ ಹೋದಳು. ಯಜಮಾನರು ಇನ್ನೂ ಬಂದಿರಲಿಲ್ಲ. ಬಾಗಿಲು ತೆರೆದು, ಮೇಜು ಒರೆಸಿ, ದೀಪ ಹಾಕಿ ಕೂತಳು. ಗಾಜು ಹಾಕಿದ ಮೇಷ್ಟ್ರ ಕನ್ನಡಕ ಸಿದ್ಧವಾಗಿತ್ತು. ಒಂದು ಸ್ಕ್ರೂ ಬಾಕಿ. ಡಬ್ಬಿ ತೆರೆದಳು. ಸ್ಕ್ರೂಗಳ ತಳದಲ್ಲಿ ನಾಲ್ಕು ಮಡಿಕೆಯ ಕಾಗದ ಕಂಡಿತು. ಕೈ ಹಾಕಿದರೆ ಸ್ಕ್ರೂಗಳೆಲ್ಲ ಚೆಲ್ಲುತ್ತವೆ. ಕೈಚೀಲದಿಂದ ಹೋಟೆಲಿನ ಕಡ್ಡಿಗಳನ್ನು ತೆಗೆದು, ಕಾಗದದ ಮೂಲೆ ಹಿಡಿದು, ಒಂದು ಸ್ಕ್ರೂವೂ ಉರುಳದಂತೆ ಮೆಲ್ಲಗೆ ಎಳೆದುಕೊಂಡಳು.

ಅರ್ಜಿಯನ್ನು ಬಿಡಿಸಿ, ಅಂಗೈಯಿಂದ ಮಡಿಕೆ ನೀವಿದಳು. ಏಳನೆಯ ಪ್ರಶ್ನೆ: 'ಅರ್ಜಿದಾರರಿಗೆ ಈ ಕೆಲಸ ಬರುತ್ತದೆಯೇ? ಎಷ್ಟು ವರ್ಷದಿಂದ?'

'ಬರುತ್ತದೆ. ಹದಿನಾರು' ಎಂದು ಬರೆದಳು.

ಯಜಮಾನರು ಕೋಲೂರಿಕೊಂಡು ಒಳಗೆ ಬಂದರು. "ಹೇಗಿತ್ತಮ್ಮಾ ನಿನ್ನೆ ಔತಣ?"

"ಚೆನ್ನಾಗಿತ್ತು," ಎಂದು ಅವಳು ಕಾಗದವನ್ನು ಚೀಲಕ್ಕೆ ಸೇರಿಸಿ, ಮೇಷ್ಟ್ರ ಕನ್ನಡಕ ಕೈಗೆತ್ತಿಕೊಂಡಳು. "ಅನ್ನಕ್ಕೆ ಅವರೂ ಚಮಚವನ್ನೇ ಹಿಡೀತಾರಂತೆ."